ಗೊತ್ತಿಲ್ಲದ ಲಿಪಿ ಎದುರಾದರೆ ಮೊದಲು ಸ್ವರ ಎಲ್ಲಿದೆ ನೋಡಿ

ಜೇಬಲ್ಲಿ ನೂರರ ನೋಟು ಇದ್ದರೆ ತೆಗೆದು ಹಿಂದುಗಡೆ ತಿರುಗಿಸಿ. ಎಡಕ್ಕೆ ಒಂದು ಸಣ್ಣ ಪಟ್ಟಿಯಲ್ಲಿ 15 ಸಾಲುಗಳಿವೆ, 15 ಭಾಷೆಗಳಲ್ಲಿ ಅದೇ ಮೊತ್ತ. ನಾಲ್ಕನೇ ಸಾಲು ನಮ್ಮದು. ಈಗ ಭಾಷೆ ಬಿಟ್ಟು ಬರೀ ಲಿಪಿಗಳನ್ನು ಎಣಿಸಿ. 15 ಬರುವುದಿಲ್ಲ, 10 ಬರುತ್ತದೆ. ಅಸ್ಸಾಮಿ, ಬಂಗಾಳಿ ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಲಿಪಿ. ಕೊಂಕಣಿ, ಮರಾಠಿ, ನೇಪಾಳಿ, ಸಂಸ್ಕೃತ ನಾಲ್ಕೂ ದೇವನಾಗರಿಯಲ್ಲಿವೆ. ಕಾಶ್ಮೀರಿ ಮತ್ತು ಕೊನೇ ಸಾಲಿನ ಉರ್ದು ಅರೇಬಿಕ್ ಕಡೆಯಿಂದ ಬಂದ ಲಿಪಿಯಲ್ಲಿವೆ. ಉಳಿದ ಏಳಕ್ಕೆ ಮಾತ್ರ ಅವವೇ ಲಿಪಿ.

ಭಾಷೆ ಬೇರೆ, ಲಿಪಿ ಬೇರೆ. ನೋಟಿನಲ್ಲಿ ದೇವನಾಗರಿಯಲ್ಲಿರುವ ಅದೇ ಕೊಂಕಣಿಯನ್ನು ಮಂಗಳೂರಿನವರು ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ, ಗೋವಾದಲ್ಲಿ ಎಷ್ಟೋ ಜನ ರೋಮನ್‌ನಲ್ಲಿ ಬರೆಯುತ್ತಾರೆ. ಆದ್ದರಿಂದ ಗೊತ್ತಿಲ್ಲದ ಬರಹ ಕಂಡಾಗ "ಇದು ಯಾವ ಭಾಷೆ?" ಅಂತ ಮೊದಲೇ ಕೇಳಬೇಡಿ. ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಒಂದಿದೆ: ಈ ಲಿಪಿ ಸ್ವರವನ್ನು ಎಲ್ಲಿಟ್ಟಿದೆ? ಇದಕ್ಕೆ ಉತ್ತರ ಸಿಕ್ಕರೆ ಅರ್ಧ ಕೆಲಸ ಆದಂತೆ. ಕಾಗುಣಿತ ಬರೆದು ಬೆಳೆದ ನಮಗೆ ಈ ಪ್ರಶ್ನೆ ಬೇರೆಯವರಿಗಿಂತ ಸುಲಭ ಅನ್ನುವುದು ನನ್ನ ನಂಬಿಕೆ. ವ್ಯಂಜನ ಯಾವುದು, ಸ್ವರ ಯಾವುದು, ಅವೆರಡೂ ಹೇಗೆ ಅಂಟಿಕೊಳ್ಳುತ್ತವೆ ಅನ್ನುವುದನ್ನು ಒಂದನೇ ಕ್ಲಾಸಿನಲ್ಲೇ ಕೈಯಾರೆ ಬರೆದು ಕಲಿತಿದ್ದೇವೆ ಅಲ್ವಾ.

ಮೊದಲು ಎಣಿಸಿ

ಒಂದು ಪುಟದಷ್ಟು ಬರಹ ಸಿಕ್ಕರೆ ಒಳ್ಳೆಯದು. ಒಂದು ಹಾಳೆ ತಗೊಂಡು, ಹೊಸ ಗುರುತು ಕಂಡಾಗಲೆಲ್ಲ ಅದನ್ನು ಒಮ್ಮೆ ಬರೆದಿಡಿ. ಮತ್ತೆ ಅದೇ ಬಂದರೆ ಬಿಟ್ಟುಬಿಡಿ. ಸ್ವಲ್ಪ ಹೊತ್ತಿಗೆ ಹೊಸವು ಬರುವುದು ನಿಲ್ಲುತ್ತದೆ. 20ರಿಂದ 40ರ ಒಳಗೆ ನಿಂತರೆ, ಒಂದು ಗುರುತಿಗೆ ಒಂದು ಧ್ವನಿ ಇರುವ ಲಿಪಿ. 50ರಿಂದ 100ರ ನಡುವೆ ನಿಂತರೆ, ಒಂದು ಗುರುತಿಗೆ 'ಕ', 'ಕಿ', 'ಕು' ಥರ ಪೂರ್ತಿ ಉಚ್ಚಾರ ಇರುವ ಲಿಪಿ ಇರಬಹುದು. ನಿಲ್ಲುವುದೇ ಇಲ್ಲ, ಪುಟ ಮುಗಿದರೂ ಹೊಸವು ಬರುತ್ತಲೇ ಇವೆ ಅಂದರೆ ಚೀನೀ ಥರದ್ದು, ಪದಕ್ಕೋ ಅರ್ಥಕ್ಕೋ ಒಂದು ಗುರುತು. ಜಪಾನಿನಲ್ಲಿ ದಿನಬಳಕೆಗೆ ಅಂತ ಸರ್ಕಾರ ಪಟ್ಟಿ ಮಾಡಿದ ಚೀನೀ ಮೂಲದ ಅಕ್ಷರಗಳೇ 2,136.

ಇದು ಸುಮ್ನೆ ಮಾಡಿಕೊಂಡ ಲೆಕ್ಕ ಅಲ್ಲ. ಕ್ರೀಟ್ ದ್ವೀಪದ ಕ್ನೋಸಸ್‌ನಲ್ಲಿ 1900ರಲ್ಲಿ ಆರ್ಥರ್ ಇವಾನ್ಸ್ ಅಗೆಸಿದಾಗ ಸಿಕ್ಕ ಮಣ್ಣಿನ ಹಲಗೆಗಳನ್ನು ಅರ್ಧ ಶತಮಾನ ಯಾರಿಗೂ ಓದಲು ಆಗಲಿಲ್ಲ. ಲೀನಿಯರ್ ಬಿ ಅಂತ ಹೆಸರಿಟ್ಟಿದ್ದರು. ಅದರಲ್ಲಿ ಧ್ವನಿಯ ಗುರುತುಗಳು 90ರ ಆಸುಪಾಸು ಇದ್ದವು, ಹಾಗಾಗಿ ಅದು 'ಕ-ಕಿ-ಕು' ಥರದ ಲಿಪಿ ಅನ್ನುವುದು ಓದುವುದಕ್ಕೆ ಮುಂಚೆಯೇ ಗೊತ್ತಿತ್ತು. ಅಮೆರಿಕದ ಆಲಿಸ್ ಕೋಬರ್ ಪದಗಳ ಕೊನೆ ಹೇಗೆ ಬದಲಾಗುತ್ತದೆ ಅಂತ ವರ್ಷಗಟ್ಟಲೆ ಚೀಟಿಗಳಲ್ಲಿ ಬರೆದು ಜೋಡಿಸಿಟ್ಟರು, 1950ರಲ್ಲಿ ತೀರಿಕೊಂಡರು. 1952ರಲ್ಲಿ ಮೈಕೆಲ್ ವೆಂಟ್ರಿಸ್ ಎಂಬ ಇಂಗ್ಲೆಂಡಿನ ವಾಸ್ತುಶಿಲ್ಪಿ ಅದನ್ನು ಬಿಡಿಸಿದರು. ಬೀಗ ತೆರೆದದ್ದು ಊರ ಹೆಸರುಗಳು: 'ಕೊ-ನೊ-ಸೊ' ಅಂದರೆ ಕ್ನೋಸಸ್, 'ಅ-ಮಿ-ನಿ-ಸೊ' ಅಂದರೆ ಅಮ್ನಿಸಸ್. ಊರ ಹೆಸರಿನ ಈ ಉಪಾಯ ನೆನಪಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ.

ಸ್ವರ ಪಕ್ಕದಲ್ಲಿ ನಿಂತಿದ್ದರೆ

ಇಂಗ್ಲಿಷಿನ ದೊಡ್ಡ 'ಎ' ಅಕ್ಷರ ಬರೆದು ಹಾಳೆಯನ್ನು ತಲೆಕೆಳಗೆ ಮಾಡಿ. ಎರಡು ಕೊಂಬು, ಕೆಳಗೆ ಚೂಪು ಮೂತಿ: ಎತ್ತಿನ ತಲೆ ಕಾಣುತ್ತದೆ. ಅದು ನಿಜಕ್ಕೂ ಎತ್ತಿನ ತಲೆಯೇ. ಈಜಿಪ್ಟಿನ ಸಿನಾಯ್‌ನಲ್ಲಿ ಸೆರಾಬಿತ್ ಅಲ್-ಖಾದಿಮ್ ಅನ್ನುವ ಜಾಗದಲ್ಲಿ ಹಿಂದೆ ವೈಡೂರ್ಯದಂಥ ನೀಲಿ ಹರಳಿನ ಗಣಿಗಳಿದ್ದವು. 1905ರಲ್ಲಿ ಫ್ಲಿಂಡರ್ಸ್ ಪೆಟ್ರಿ ಅಲ್ಲಿ ಒರಟಾಗಿ ಗೀಚಿದ ಒಂದಿಷ್ಟು ಬರಹ ಕಂಡರು. ನೋಡಲು ಈಜಿಪ್ಟಿನ ಚಿತ್ರಲಿಪಿಯಂತೆ, ಆದರೆ ಗುರುತುಗಳು ತೀರಾ ಕಡಿಮೆ. (ಮತ್ತೆ ಎಣಿಕೆಯೇ ಸುಳಿವು ಕೊಟ್ಟಿದ್ದು, ನೋಡಿ.) 1916ರಲ್ಲಿ ಅಲನ್ ಗಾರ್ಡಿನರ್ ಅದರಲ್ಲಿ ಪದೇ ಪದೇ ಬರುವ ನಾಲ್ಕು ಗುರುತುಗಳನ್ನು 'ಬಅಲತ್' ಅಂತ ಓದಿದರು, ಅಲ್ಲಿನ ದೇವತೆಯ ಹೆಸರು ಅದು.

ಓದುವ ಉಪಾಯ ನಮ್ಮ ಅಂಕಲಿಪಿ ಪುಸ್ತಕದ್ದೇ. 'ಆ' ಪಕ್ಕದಲ್ಲಿ ಆನೆ ಚಿತ್ರ ಇರುತ್ತದಲ್ಲ, ಈಗ ಅಕ್ಷರ ತೆಗೆದುಹಾಕಿ ಆನೆಯನ್ನೇ 'ಆ' ಅಂತ ಓದಿ. ಆ ಬರಹ ಗೀಚಿದವರ ಮಾತಿನಲ್ಲಿ ಎತ್ತಿಗೆ 'ಆಲ್ಪ್', ಹಾಗಾಗಿ ಎತ್ತಿನ ತಲೆ ಆ ಪದದ ಮೊದಲ ಧ್ವನಿ. ಮನೆಗೆ 'ಬೇತ್', ಮನೆಯ ನಕ್ಷೆ 'ಬ'. ನೀರಿನ ಅಲೆ 'ಮ' ಆಯಿತು, ಇಂಗ್ಲಿಷಿನ 'ಎಮ್' ಅಕ್ಷರದಲ್ಲಿ ಆ ಅಲೆ ಇವತ್ತಿಗೂ ಇದೆ. ಕಣ್ಣಿನ ಚಿತ್ರ ಮುಂದೆ ಗ್ರೀಕರ ಕೈಯಲ್ಲಿ 'ಓ' ಆಯಿತು. ಇದೆಲ್ಲ ಶುರುವಾಗಿ ಸುಮಾರು 3,800 ವರ್ಷ ಆಗಿದೆ.

ಇಲ್ಲಿಂದ ಬೆಳೆದ ಫಿನೀಷಿಯನ್ ಲಿಪಿಯಲ್ಲಿ 22 ಅಕ್ಷರಗಳು, 22ಕ್ಕೆ 22ೂ ವ್ಯಂಜನಗಳೇ. ಕ್ರಿಸ್ತಪೂರ್ವ 8ನೇ ಶತಮಾನದ ಹೊತ್ತಿಗೆ ಗ್ರೀಕರು ಅದನ್ನು ತಗೊಂಡಾಗ ಕೆಲವು ಅಕ್ಷರಗಳು ಅವರ ಬಾಯಿಗೆ ಬೇಡವಾದವು, ಆ ಧ್ವನಿಗಳೇ ಅವರ ಮಾತಿನಲ್ಲಿ ಇರಲಿಲ್ಲ. ಎಸೆಯುವ ಬದಲು ಅವನ್ನೇ ಸ್ವರಕ್ಕೆ ಬಳಸಿಕೊಂಡರು. ಎತ್ತಿನ ತಲೆ 'ಆಲ್ಫಾ' ಆಗಿ 'ಅ' ಸ್ವರವಾಯಿತು. ಹೀಗೆ ಸ್ವರ ಮೊದಲ ಸಲ ವ್ಯಂಜನದ ಪಕ್ಕದಲ್ಲಿ ಸರಿಸಮಾನವಾಗಿ ನಿಂತಿತು. ಗ್ರೀಕ್, ರೋಮನ್, ರಷ್ಯನ್, ಆರ್ಮೇನಿಯನ್, ಜಾರ್ಜಿಯನ್ ಎಲ್ಲ ಈ ಬಗೆಯವು.

ಗುರುತಿಸುವುದು ಹೇಗೆ? ಅಕ್ಷರಗಳು ಮಣಿ ಪೋಣಿಸಿದ ಹಾಗೆ ಸಾಲಾಗಿ ಇರುತ್ತವೆ, ತಲೆ ಮೇಲೂ ಕಾಲಡಿಯಲ್ಲೂ ಏನೂ ಜೋತುಬಿದ್ದಿರುವುದಿಲ್ಲ. ಜಾರ್ಜಿಯನ್ ಲಿಪಿ ಮೊದಲ ಸಲ ಕಂಡಾಗ ಅದರ ದುಂಡು ನೋಡಿ ನಮ್ಮ ಕಡೆಯದೇ ಯಾವುದೋ ಅನ್ನಿಸುತ್ತದೆ. ಆದರೆ ಎಣಿಸಿದರೆ 33ಕ್ಕೆ ನಿಲ್ಲುತ್ತದೆ, ಕೊಂಬಿಲ್ಲ, ಗುಡಿಸಿಲ್ಲ, ಒತ್ತಕ್ಷರ ಇಲ್ಲ. ಹಾಗಾದರೆ ನಮ್ಮ ಬಗೆಯದಲ್ಲ.

ರಷ್ಯನ್‌ಗೂ 33 ಅಕ್ಷರ. ಮೆಡಿಕಲ್ ಓದಲು ಅಲ್ಲಿಗೆ ಹೋಗುವ ನಮ್ಮ ಹುಡುಗರು ಮೊದಲ ವಾರದಲ್ಲೇ ಒಂದು ಬೋರ್ಡ್ ನೋಡುತ್ತಾರೆ, ಇಂಗ್ಲಿಷ್ ಕಣ್ಣಿಗೆ ಅದು 'ಪೆಕ್ಟೋಪಾ' ಅಂತ ಓದಿಸಿಕೊಳ್ಳುತ್ತದೆ. ನಿಜವಾಗಿ ಅದು 'ರೆಸ್ತೊರಾನ್'. ಅಲ್ಲಿ 'ಪಿ' ಆಕಾರ 'ರ', 'ಸಿ' ಆಕಾರ 'ಸ', 'ಎಚ್' ಆಕಾರ 'ನ'. ಗ್ರೀಕಿನ 'ರೋ' ಇರುವುದೇ 'ಪಿ' ಆಕಾರದಲ್ಲಿ, ರಷ್ಯನ್ನರು ಹಾಗೇ ಉಳಿಸಿಕೊಂಡರು, ರೋಮನ್ನರು ಅದಕ್ಕೊಂದು ಕಾಲು ಕೊಟ್ಟು 'ಆರ್' ಮಾಡಿದರು. ರಷ್ಯನ್ ಕಲಿಯುವವರು ಹೊಸ ಆಕಾರಗಳಿಗೆ ಹೆದರಬೇಕಿಲ್ಲ, ಮೋಸ ಮಾಡುವುದು ಇಂಥ ಪರಿಚಯದ ಮುಖಗಳೇ. ಅವನ್ನು ಮೊದಲು ಕಲಿತು ಮುಗಿಸಿ.

ನಮ್ಮ ದೇಶದಲ್ಲೂ ಈ ಬಗೆಯದೊಂದು ಇದೆ. ಸಂತಾಲಿ ಭಾಷೆಗಾಗಿ ರಘುನಾಥ ಮುರ್ಮು 1925ರಲ್ಲಿ ಮಾಡಿದ ಓಲ್ ಚಿಕಿ. 30 ಅಕ್ಷರ, ಸ್ವರಗಳು ಬೇರೆಯಾಗಿ ನಿಲ್ಲುತ್ತವೆ, ಕಾಗುಣಿತವೇ ಇಲ್ಲ. ಸುತ್ತ ಎಲ್ಲ ಕಾಗುಣಿತದ ಲಿಪಿಗಳಿರುವಾಗ ಹೀಗೊಂದು ದಾರಿ ಹಿಡಿದದ್ದು ನನಗೆ ಬಹಳ ಇಷ್ಟವಾದ ಸಂಗತಿ.

ಸ್ವರ ಕಾಣಿಸದಿದ್ದರೆ

ಅರೇಬಿಕ್, ಹೀಬ್ರೂ ಈ ಬಗೆಯವು. ಬಲದಿಂದ ಎಡಕ್ಕೆ ಹೋಗುವ ಬರಹ ಕಂಡರೆ ಮೊದಲ ಊಹೆ ಇದೇ ಇರಲಿ. ಅರೇಬಿಕ್‌ಗೆ 28 ಅಕ್ಷರ, ಹೀಬ್ರೂಗೆ 22. ಈ ಬಗೆಗೆ 'ಅಬ್ಜದ್' ಅನ್ನುತ್ತಾರೆ, ಅರೇಬಿಕ್‌ನ ಹಳೇ ಕ್ರಮದ ಮೊದಲ ನಾಲ್ಕು ಅಕ್ಷರ ಸೇರಿಸಿ ಆದ ಪದ. ಆಲ್ಫಾ, ಬೀಟಾ ಸೇರಿ 'ಆಲ್ಫಾಬೆಟ್' ಆಯಿತಲ್ಲ, ಹಾಗೆ.

ಹ್ರಸ್ವ ಸ್ವರ ಬರೆಯದೆ ಹೇಗೆ ಓದುತ್ತಾರೆ ಅಂತ ನಮಗೆ ಅಚ್ಚರಿ. ಕನ್ನಡದಲ್ಲಿ ಮಾಡಿ ನೋಡಿ: 'ಮ', 'ರ' ಎರಡೇ ವ್ಯಂಜನ ಇಟ್ಟುಕೊಂಡರೆ ಮರ, ಮರಿ, ಮಾರಿ, ಮೀರು, ಮೂರು, ಮೊರ, ಮೋರೆ, ಮೇರೆ ಎಲ್ಲ ಒಂದೇ ಆಗಿಬಿಡುತ್ತವೆ. ನಮಗೆ ಸ್ವರ ಬಿಟ್ಟರೆ ಬದುಕಿಲ್ಲ. ಅರೇಬಿಕ್‌ನಲ್ಲಿ ಹಾಗಲ್ಲ, ಪದದ ಬೇರು ಇರುವುದೇ ವ್ಯಂಜನಗಳಲ್ಲಿ. ಕ-ತ-ಬ ಅಂದರೆ ಬರವಣಿಗೆಗೆ ಸಂಬಂಧಿಸಿದ್ದು. 'ಕತಬ' ಬರೆದನು, 'ಕುತುಬ್' ಪುಸ್ತಕಗಳು, ಎರಡಕ್ಕೂ ಅದೇ ಮೂರು ಅಕ್ಷರ. ಮುಂದೆ ಹಿಂದೆ ಇರುವ ಮಾತು ನೋಡಿ ಓದುವವರು ಸ್ವರ ತುಂಬಿಕೊಳ್ಳುತ್ತಾರೆ. ದೀರ್ಘ ಸ್ವರ ಮಾತ್ರ ಬರೆಯುತ್ತಾರೆ, ಹಾಗಾಗಿ 'ಕಿತಾಬ್' ಅಂದಾಗ ಒಂದು ಅಕ್ಷರ ಜಾಸ್ತಿ.

ನಾನು ಕೆಲಸಕ್ಕೆ ಅಂತ ಮಸ್ಕತ್‌ನಲ್ಲಿದ್ದಾಗ ಇದನ್ನು ಕಲಿತದ್ದು ಪುಸ್ತಕದಿಂದ ಅಲ್ಲ, ಕೋಕಾ ಕೋಲಾ ಬಾಟಲಿಯಿಂದ. ಒಂದು ಕಡೆ ಇಂಗ್ಲಿಷ್, ಒಂದು ಕಡೆ ಅರೇಬಿಕ್. ಎಂಟು ಅಕ್ಷರ ಇರುತ್ತದೆ: ಕಾಫ್ ಮೂರು ಸಲ, ವಾವ್ ಎರಡು ಸಲ, ಆಲಿಫ್ ಎರಡು ಸಲ, ಲಾಮ್ ಒಂದು ಸಲ. ವಾವ್ ಮತ್ತು ಆಲಿಫ್ ತಮ್ಮ ಮುಂದಿನ ಅಕ್ಷರಕ್ಕೆ ಕೈ ಚಾಚುವುದಿಲ್ಲ, ಹಾಗಾಗಿ ಪದ ನಾಲ್ಕು ತುಂಡಾಗಿ ಕಾಣುತ್ತದೆ, ಕೋ-ಕಾ-ಕೋ-ಲಾ, ನಾವು ಕನ್ನಡದಲ್ಲಿ ಬರೆಯುವ ನಾಲ್ಕು ಅಕ್ಷರದಂತೆಯೇ. ಒಂದು ಬಾಟಲಿಗೆ ನಾಲ್ಕು ಅಕ್ಷರ ಬಂತು. ಮರುದಿನ ಪೆಪ್ಸಿ ನೋಡಿದೆ, ಅದು 'ಬೀಬ್ಸೀ' ಅಂತ ಇತ್ತು, ಅರೇಬಿಕ್‌ನಲ್ಲಿ 'ಪ' ಇಲ್ಲ. ಕೆಳಗೆ ಒಂದು ಚುಕ್ಕೆ ಇದ್ದರೆ 'ಬ', ಎರಡು ಚುಕ್ಕೆ ಇದ್ದರೆ 'ಯ', ಈ ಭೇದ ಅಲ್ಲೇ ಕಣ್ಣಿಗೆ ಕೂತಿತು. ಗಲ್ಫ್‌ನಲ್ಲಿರುವ ನಮ್ಮವರಿಗೆ ನಾನು ಹೇಳುವುದು ಇದನ್ನೇ, ದಿನಾ ಓಡಾಡುವ ದಾರಿಯ ಬೋರ್ಡುಗಳಿಗಿಂತ ಒಳ್ಳೆ ಮೇಷ್ಟ್ರು ಬೇರೆ ಇಲ್ಲ.

ಒಂದು ಎಚ್ಚರಿಕೆ. ಎಡಕ್ಕೆ ಹೋಗುವುದೆಲ್ಲ ಅಬ್ಜದ್ ಅಲ್ಲ. ಮಾಲ್ಡೀವ್ಸ್‌ನ ಥಾನಾ ಲಿಪಿ ಎಡಕ್ಕೇ ಹೋಗುತ್ತದೆ, ಆದರೆ ಪ್ರತಿ ಸ್ವರಕ್ಕೂ ಗುರುತು ಕಡ್ಡಾಯ. ಅದರ ಮೊದಲ ಒಂಬತ್ತು ಅಕ್ಷರಗಳು ಹುಟ್ಟಿದ್ದು ಅರೇಬಿಕ್‌ನ 1ರಿಂದ 9ರ ಅಂಕಿಗಳಿಂದ! ಪಶ್ಚಿಮ ಆಫ್ರಿಕಾಕ್ಕಾಗಿ ಸುಲೇಮಾನ ಕಾಂತೆ 1949ರಲ್ಲಿ ಮಾಡಿದ ಎನ್ಕೋ ಲಿಪಿಯೂ ಎಡಕ್ಕೆ ಹೋಗುತ್ತದೆ, ಅದರಲ್ಲಿ ಸ್ವರಗಳು ಪೂರ್ತಿ ಅಕ್ಷರಗಳು. ದಿಕ್ಕು ಸುಳಿವು ಮಾತ್ರ, ತೀರ್ಪು ಸ್ವರದ್ದು.

ಸ್ವರ ಅಂಟಿಕೊಂಡಿದ್ದರೆ

ಇದು ನಮ್ಮ ಮನೆ. ವ್ಯಂಜನದೊಳಗೆ ಒಂದು 'ಅ' ಮೊದಲೇ ಇರುತ್ತದೆ, ಬೇರೆ ಸ್ವರ ಬೇಕಾದರೆ ಗುಡಿಸು, ಕೊಂಬು, ಏತ್ವ ಏನಾದರೂ ಅಂಟಿಸುತ್ತೇವೆ. 'ಅಬುಗಿಡ' ಅಂತ ಈ ಬಗೆಯ ಹೆಸರು, ಇಥಿಯೋಪಿಯಾದ ಅಕ್ಷರಮಾಲೆಯಿಂದ ತಗೊಂಡದ್ದು. ಅಬ್ಜದ್, ಅಬುಗಿಡ ಎರಡನ್ನೂ ಇಂದಿನ ಅರ್ಥದಲ್ಲಿ 1990ರಲ್ಲಿ ಬಳಕೆಗೆ ತಂದವರು ಪೀಟರ್ ಡೇನಿಯಲ್ಸ್ ಎಂಬ ಅಮೆರಿಕದ ವಿದ್ವಾಂಸರು. ಕನ್ನಡದಲ್ಲಿ ನಾನಂತೂ 'ಕಾಗುಣಿತದ ಲಿಪಿ' ಅನ್ನುತ್ತೇನೆ, ಅದಕ್ಕಿಂತ ಚೆನ್ನಾಗಿ ಹೇಳುವ ಪದ ಇಲ್ಲ.

ಗುರುತಿಸಲು ಒಂದೇ ಅಕ್ಷರವನ್ನು ಹಿಡಿದು ಹಿಂಬಾಲಿಸಿ. ಅದೇ ದೇಹ, ಆದರೆ ಒಂದು ಕಡೆ ತಲೆ ಮೇಲೆ ಏನೋ, ಇನ್ನೊಂದು ಕಡೆ ಕಾಲಿಗೆ ಏನೋ ಅಂಟಿಕೊಂಡಿದ್ದರೆ ಇದೇ ಬಗೆ. ನೋಟಿನ ಹತ್ತು ಲಿಪಿಗಳಲ್ಲಿ ಒಂಬತ್ತು ಹೀಗೇ ಇವೆ, ಒಂಬತ್ತೂ ಅಶೋಕನ ಕಾಲದ ಬ್ರಾಹ್ಮಿ ಲಿಪಿಯ ಮಕ್ಕಳು. ನೋಟು ಇನ್ನೂ ಕೈಯಲ್ಲಿದ್ದರೆ ಬೇಗ ಬೇಗ ಹೇಳುತ್ತೇನೆ: ಮೇಲೆ ಉದ್ದ ಗೆರೆ ಎಳೆದಂತೆ ಇದ್ದರೆ ದೇವನಾಗರಿ, ಬಂಗಾಳಿ ಅಥವಾ ಗುರುಮುಖಿ. ಆ ಗೆರೆ ತೆಗೆದ ದೇವನಾಗರಿಯಂತಿದ್ದರೆ ಗುಜರಾತಿ. ಪ್ರತಿ ಅಕ್ಷರಕ್ಕೂ ಕೊಡೆ ಹಿಡಿದಂತಿದ್ದರೆ ಒಡಿಯಾ. ಮೂಲೆಗಳು ಚೌಕವಾಗಿ, ತಲೆ ಮೇಲೆ ಚುಕ್ಕೆಗಳಿದ್ದರೆ ತಮಿಳು. ದುಂಡಗಿದ್ದೂ ತಲಕಟ್ಟು ಇಲ್ಲದಿದ್ದರೆ ಮಲಯಾಳಂ. ತಲಕಟ್ಟು ಮೇಷ್ಟ್ರು ಹಾಕುವ ರೈಟ್ ಮಾರ್ಕಿನಂತಿದ್ದರೆ ತೆಲುಗು.

ಗಡಿ ದಾಟಿದರೂ ಈ ಮನೆ ಮುಗಿಯುವುದಿಲ್ಲ. ಸಿಂಹಳ, ಟಿಬೆಟನ್, ಬರ್ಮಾ, ಥಾಯ್, ಖ್ಮೇರ್, ಜಾವಾದ ಲಿಪಿ ಎಲ್ಲ ಬ್ರಾಹ್ಮಿಯ ಕುಟುಂಬವೇ. ಥಾಯ್ ಬೋರ್ಡ್ ಎದುರು ನಿಂತಾಗ ಎರಡು ವಿಷಯ ಗೊತ್ತಿರಲಿ. ಪದಗಳ ನಡುವೆ ಜಾಗ ಬಿಡುವುದಿಲ್ಲ. ಮತ್ತೆ 'ಎ'ಕಾರದ ಗುರುತು ವ್ಯಂಜನಕ್ಕಿಂತ ಮುಂಚೆ ಬರುತ್ತದೆ, ಓದುವಾಗ ಮಾತ್ರ ಆಮೇಲೆ. ಇದರಿಂದ ಗಾಬರಿ ಬೇಡ, ತಮಿಳಿನಲ್ಲೂ ಹಾಗೇ, ಹಿಂದಿಯ 'ಕಿ'ಯಲ್ಲಿ 'ಇ'ಕಾರ ಎಡಕ್ಕೆ ಬರುವುದೂ ಇದೇ ಥರ.

ಬ್ರಾಹ್ಮಿಯ ಕುಟುಂಬಕ್ಕೆ ಸೇರದ ಕಡೆಯೂ ಈ ಉಪಾಯ ಇದೆ. ಇಥಿಯೋಪಿಯಾದ ಲಿಪಿಯಲ್ಲಿ ಪ್ರತಿ ವ್ಯಂಜನಕ್ಕೆ ಏಳು ರೂಪ, ನಮ್ಮ ಕಾಗುಣಿತದ ಸಾಲಿನಂತೆ. ಕೆನಡಾದಲ್ಲಿ ಕ್ರೀ ಜನರ ಭಾಷೆಗೆ 1840ರಲ್ಲಿ ಜೇಮ್ಸ್ ಇವಾನ್ಸ್ ಎಂಬ ಪಾದ್ರಿ ಪ್ರಕಟಿಸಿದ ಲಿಪಿಯಲ್ಲಂತೂ ಅಂಟಿಸುವುದೇ ಇಲ್ಲ, ಅಕ್ಷರವನ್ನು ತಿರುಗಿಸುತ್ತಾರೆ. ಬಾಣದ ಮೊನೆಯಂಥ ಗುರುತು ಮೇಲಕ್ಕಿದ್ದರೆ 'ಪಿ', ಕೆಳಕ್ಕಿದ್ದರೆ 'ಪೆ', ಬಲಕ್ಕಿದ್ದರೆ 'ಪೊ', ಎಡಕ್ಕಿದ್ದರೆ 'ಪ'. ದೇವನಾಗರಿಯ ಪರಿಚಯ ಇವಾನ್ಸ್‌ಗೆ ಇತ್ತು ಅನ್ನುತ್ತಾರೆ.

ಸ್ವರ ಕರಗಿಹೋಗಿದ್ದರೆ

'ಕ', 'ಕಿ', 'ಕು' ಮೂರಕ್ಕೂ ಒಂದಕ್ಕೊಂದು ಹೋಲಿಕೆಯೇ ಇಲ್ಲದಿದ್ದರೆ ಸ್ವರ ಅಕ್ಷರದೊಳಗೆ ಕರಗಿದೆ ಅಂತ ಅರ್ಥ. ಜಪಾನಿನ ಹಿರಗಾನ ಹೀಗೆ, ಮೂಲ ಅಕ್ಷರಗಳು 46. ಒಂದೊಂದನ್ನೂ ಬಾಯಿಪಾಠ ಮಾಡಬೇಕು, ಅಡ್ಡದಾರಿ ಇಲ್ಲ. ಆದರೆ ಜೋಡಿಸಿದ ಕ್ರಮ ನೋಡಿದರೆ ನಮಗೆ ನೆಂಟರು ಕಂಡ ಹಾಗೆ ಆಗುತ್ತದೆ: ಅ, ಕ, ಸ, ತ, ನ, ಹ, ಮ, ಯ, ರ, ವ. ಹಿಂದೆ ಈ 'ಸ' ಇದ್ದ ಜಾಗದ ಉಚ್ಚಾರ 'ಚ'ಕ್ಕೆ ಹತ್ತಿರ ಇತ್ತು, 'ಹ' ಜಾಗದಲ್ಲಿ 'ಪ' ಇತ್ತು ಅನ್ನುತ್ತಾರೆ. ಈಗ ಓದಿ: ಕ, ಚ, ತ, ನ, ಪ, ಮ, ಯ, ರ, ವ. ಸಂಸ್ಕೃತ ಕಲಿತ ಬೌದ್ಧ ಸನ್ಯಾಸಿಗಳ ಮೂಲಕ ಹೋದ ನಮ್ಮ ವರ್ಣಮಾಲೆಯ ಕ್ರಮ ಅದು.

ಅಮೆರಿಕದ ಚೆರೋಕಿ ಜನಾಂಗದ ಸಿಕ್ವೋಯಾ ಅವರ ಕೆಲಸ ಇನ್ನೊಂದು. ಅವರಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಕಾಗದದ ಮೇಲೆ ಮಾತು ಕೂರಿಸಬಹುದು ಅನ್ನುವುದಷ್ಟೇ ಗೊತ್ತಿತ್ತು. ಅಷ್ಟರಿಂದಲೇ 1821ರ ಹೊತ್ತಿಗೆ 86 ಅಕ್ಷರಗಳ ಲಿಪಿ ಮಾಡಿದರು, 1828ರಲ್ಲಿ ಅದರಲ್ಲಿ ಪತ್ರಿಕೆ ಬಂತು. ಕೆಲವು ಆಕಾರಗಳು ರೋಮನ್‌ನವು, ಉಚ್ಚಾರ ಸಂಬಂಧವಿಲ್ಲ: 'ಡಿ' ಆಕಾರ 'ಅ', 'ಡಬ್ಲ್ಯೂ' ಆಕಾರ 'ಲ'.

ಕೊರಿಯನ್ನನ್ನು ಯಾವ ಡಬ್ಬಿಗೂ ಹಾಕಬೇಡಿ. ದೂರದಿಂದ ಚೀನೀ ಥರ ಚೌಕ ಚೌಕ, ಆದರೆ ಸಣ್ಣ ಸೊನ್ನೆಗಳು ಕಂಡರೆ ಅದು ಕೊರಿಯನ್ನೇ. ಪ್ರತಿ ಚೌಕದೊಳಗೆ ಎರಡು ಮೂರು ಅಕ್ಷರ ಕೂಡಿಸಿ ಇಟ್ಟಿದ್ದಾರೆ. ರಾಜ ಸೇಜೊಂಗ್ 1443ರಲ್ಲಿ ಮಾಡಿ 1446ರಲ್ಲಿ ಪ್ರಕಟಿಸಿದ 28 ಅಕ್ಷರಗಳಲ್ಲಿ ಈಗ 24 ಬಳಕೆಯಲ್ಲಿವೆ. 'ನ' ಅಕ್ಷರ ನಾಲಿಗೆ ತುದಿ ಮೇಲೆದ್ದ ಆಕಾರ, 'ಮ' ಬಾಯಿಯ ಆಕಾರ. 'ಕ'ಕ್ಕೆ ಉಸಿರು ಸೇರಿಸಿ ಮಹಾಪ್ರಾಣ ಮಾಡಬೇಕಾದರೆ ಒಂದು ಗೆರೆ ಜಾಸ್ತಿ, ನಾವು 'ದ'ದ ಹೊಟ್ಟೆ ಸೀಳಿ 'ಧ' ಮಾಡುವಂತೆ.

ಓದಲು ಶುರು ಮಾಡುವುದು

ಬಗೆ ಗೊತ್ತಾದ ಮೇಲೆ ಅಕ್ಷರಮಾಲೆಯನ್ನು ಮೊದಲಿಂದ ಕೊನೆವರೆಗೆ ಉರುಹೊಡೆಯಬೇಡಿ, ಬೇಜಾರಾಗಿ ಅರ್ಧಕ್ಕೇ ನಿಲ್ಲುತ್ತದೆ. ಹೆಸರುಗಳಿಂದ ಶುರು ಮಾಡಿ. ಊರ ಹೆಸರು, ಅಂಗಡಿ ಹೆಸರು, ರೈಲ್ವೆ ಸ್ಟೇಷನ್ ಬೋರ್ಡು. ಹೆಸರನ್ನು ಸಾಮಾನ್ಯವಾಗಿ ಅನುವಾದ ಮಾಡುವುದಿಲ್ಲ, ಉಚ್ಚಾರವನ್ನೇ ಬರೆಯುತ್ತಾರೆ. ದಿನಕ್ಕೆ ಒಂದು ಹೆಸರು, ಅದರ ಅಕ್ಷರ ಬಿಡಿಸಿ, ಮರುದಿನ ಅದೇ ಅಕ್ಷರ ಇರುವ ಇನ್ನೊಂದು ಹೆಸರು ಹುಡುಕಿ. ಕೈಯಲ್ಲಿ ಬರೆಯಿರಿ, ನೋಡಿದ್ದು ಮರೆತರೂ ಬರೆದದ್ದು ಉಳಿಯುತ್ತದೆ.

ಬ್ರಾಹ್ಮಿ ಮತ್ತೆ ಓದಲು ಬಂದದ್ದೂ ಹೀಗೇ. ಕಲ್ಕತ್ತೆಯ ಟಂಕಸಾಲೆಯಲ್ಲಿದ್ದ ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಸಾಂಚಿಯ ಕಟಾಂಜನದ ಮೇಲಿನ ಚಿಕ್ಕ ಚಿಕ್ಕ ಬರಹಗಳ ನಕಲು ನೋಡುತ್ತಿದ್ದರು. ಹೆಚ್ಚಿನವು ಅದೇ ಎರಡು ಅಕ್ಷರಗಳಲ್ಲಿ ಮುಗಿಯುತ್ತಿದ್ದವು. ದೇವಸ್ಥಾನದ ಕಲ್ಲಿನ ಮೇಲೆ ಜನ ಮತ್ತೆ ಮತ್ತೆ ಏನು ಬರೆಸುತ್ತಾರೆ? 'ದಾನಂ'. ದ ಬಂತು, ನ ಬಂತು, ಉದ್ದ ಎಳೆಯುವ ಗೆರೆ ಬಂತು, ಸೊನ್ನೆ ಬಂತು. ಉಳಿದದ್ದು ಒಂದರ ಹಿಂದೆ ಒಂದು ಬಿಚ್ಚಿಕೊಂಡವು.

ಇದನ್ನು ಕಲ್ಲಿನ ಮೇಲೇ ನೋಡಬೇಕಾದರೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿಗೆ ಹೋಗಿ, ಅಶೋಕನ ಶಾಸನ ಅಲ್ಲೇ ಇದೆ. ಹೋಗುವ ಮುಂಚೆ ಬ್ರಾಹ್ಮಿಯ ಹತ್ತು ಅಕ್ಷರ ಕಲಿತಿರಿ: 'ಕ' ಒಂದು ಕೂಡಿಸುವ ಚಿಹ್ನೆ, 'ಗ' ಮನೆ ಸೂರಿನಂತೆ, 'ರ' ನೆಟ್ಟಗಿನ ಗೆರೆ. ಕೊನೆಯಲ್ಲಿ ಬರೆದವನ ಹೆಸರಿದೆ, ಚಪಡ. 'ಚಪಡೇನ ಲಿಖಿತೇ' ಅನ್ನುವವರೆಗೆ ಬ್ರಾಹ್ಮಿಯಲ್ಲಿ ಎಡದಿಂದ ಬಲಕ್ಕೆ ಬರೆದಿದ್ದಾನೆ. ಕೊನೇ ಪದ 'ಲಿಪಿಕರೇಣ', ಅಂದರೆ ಲಿಪಿಕಾರನಿಂದ, ಅದನ್ನು ಮಾತ್ರ ಖರೋಷ್ಠಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ, ಅಕ್ಷರಗಳು ಅರಮಾಯಿಕ್ ಎಂಬ ಅಬ್ಜದ್‌ನಿಂದ ಬಂದವು ಅನ್ನುತ್ತಾರೆ. ಸ್ವರಗಳನ್ನು ಮಾತ್ರ ನಮ್ಮ ಥರವೇ ಗೆರೆ ಅಂಟಿಸಿ ಬರೆಯುತ್ತದೆ. ಆ ಒಂದು ಪದದ 'ಲಿ'ಯಲ್ಲಿ, 'ಪಿ'ಯಲ್ಲಿ, 'ರೇ'ಯಲ್ಲಿ ಅಂಟಿಕೊಂಡ ಪುಟ್ಟ ಗೆರೆಗಳನ್ನು ಹುಡುಕಿ ನೋಡಿ.